ನಮ್ಮ ಮೋಟಾರಿನ ನೆಗಡಿಯೂ ಕೆಮ್ಮೂ

2022ರ ಧನುರ್ಮಾಸದ ಒಂದು ಮುಂಜಾವಿನಲ್ಲಿ, ಮೋಟೆಬೆನ್ನೂರಿನ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದ ಮೋಟಾರು ಗಾಡಿಯ ಹಿಂದಣ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿರುವದನ್ನು ಮೊದಲು ಕಂಡವರು ನಮ್ಮ ತಾಯಿಯವರು. ಅಂಗಳ ಸಾರಿಸಿ ರಂಗೋಲಿ ಹಾಕಿ ಅವರು ಆಗತಾನೆ ಕಟ್ಟೆಯ ಮೇಲೆ ಕುಳಿತಿದ್ದರು. ನಾವು ಗಾಡಿಯನ್ನು ಚಾಲೂ ಮಾಡಿ, ಗಾಜಿನ ಮೇಲಿನ ಮಂಜನ್ನು ಒರೆಸುತ್ತ ನಿಂತಿದ್ದೆವು. ಐದು ನಿಮಿಷವೂ ಆಗಿರಲಿಕ್ಕಿಲ್ಲ; ರಂಗೋಲಿಯ ಒಂದು ಎಸಳು ಕರಿಯ ಹನಿಗಳಿಂದ ತೊಯ್ದುಹೋಗಿತ್ತು.

"ತಮ್ಮಾ, ನಿನ್ನ ಗಾಡೀಗೆ ನೆಗಡಿ ಬಂದೈತಿ ನೋಡು. ಮೂಗು ಸೋರಾಕ ಹತ್ತೇತಿ" ಎಂದರು ತಾಯಿಯವರು.

ನಾವು ಬಗ್ಗಿ ನೋಡಿದೆವು. ಕೊಳವೆಯ ಬಾಯಿಂದ ಹಬೆ ಬೆಳ್ಳಗೆ ಏಳುತ್ತಿತ್ತು. ಅದರ ಕೆಳತುಟಿಯಿಂದ ಹನಿಗಳು ಒಂದರ ಹಿಂದೊಂದು ಬೀಳುತ್ತಿದ್ದವು. ಅಷ್ಟೇ ಅಲ್ಲ, ಗಾಡಿಯ ಹೊಟ್ಟೆಯ ಕೆಳಗೆ ಸೈಲೆನ್ಸರಿನ ಡಬ್ಬಿಯ ತಳದಲ್ಲಿಯೂ ಒಂದು ಸಣ್ಣ ತೂತಿದ್ದು, ಅಲ್ಲಿಂದಲೂ ನೀರು ಜಿನುಗುತ್ತಿತ್ತು. ಹತ್ತು ವರುಷ ಬಳಸಿದ ಪೆಟ್ರೋಲಿನ ಗಾಡಿ ಅದು. ನೀರು ಇರಬೇಕಾದದ್ದು ಮುಂದಿನ ರೇಡಿಯೇಟರಿನಲ್ಲಿ. ಹೊಗೆ ಬರಬೇಕಾದ ಕೊಳವೆಯಲ್ಲಿ ನೀರೆಂದರೆ ಒಳಗೆ ಏನೋ ಒಡೆದಿದೆಯೆಂದೇ ನಮ್ಮ ಮನಸ್ಸು ಹೇಳಿತು.

ಮೋಟೆಬೆನ್ನೂರು ಹೆದ್ದಾರಿಯ ಮೇಲಿನ ಊರು. ಪುಣೆ–ಬೆಂಗಳೂರು ಹೆದ್ದಾರಿಗೆ ಮೊದಲು 4ನೆಯ ಸಂಖ್ಯೆ ಇತ್ತು, ಈಗ 48. ಸಂಖ್ಯೆ ಯಾವದಿದ್ದರೂ ಹಗಲಿರುಳೆನ್ನದೆ ಗಾಡಿಗಳ ಓಡಾಟವನ್ನು ನೋಡಿ ನೋಡಿ ನಮ್ಮ ಊರಿನವರಲ್ಲಿ ಮೋಟಾರಿನ ವಿಷಯದಲ್ಲಿ ಅಭಿಪ್ರಾಯವಿಲ್ಲದವರು ಯಾರೂ ಇಲ್ಲ. ಆ ದಿನ ಮಧ್ಯಾಹ್ನದೊಳಗೆ ನಮಗೆ ಆರು ಅಭಿಪ್ರಾಯಗಳು ದೊರೆತವು. ಪೆಟ್ರೋಲಿನಲ್ಲಿ ನೀರು ಬೆರೆಸಿದ್ದಾರೆ ಎಂದವರು ಇಬ್ಬರು. ಇಂಜಿನ್ನು ಮುಗಿಯಿತು, ಮಾರಿಬಿಡಿರಿ ಎಂದವರು ಒಬ್ಬರು. ಉಳಿದವರು ತಲೆಯಲ್ಲಾಡಿಸಿದರು. ಇದೇ ಊರಿನಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಸಂಗಡ ಸಾಬರಮತಿಯಿಂದ ದಾಂಡಿಯ ವರೆಗೆ ನಡೆದೇ ಹೋದರು. ನಾವಾದರೋ ಹತ್ತಿರದ ಬ್ಯಾಡಗಿಗೆ ಕಾಯಿಪಲ್ಲೆ ತರಲಿಕ್ಕೂ ಗಾಡಿಯ ಕೀಲಿಕೈಯನ್ನು ಹುಡುಕುತ್ತೇವೆ. ಈ ಮಾತು ನಾಚಿಕೆಗಾಗಿ ಮಾತ್ರ ಬರೆದದ್ದಲ್ಲ. ನೀರಿನ ಪ್ರಕರಣಕ್ಕೂ ಅದಕ್ಕೂ ಸಂಬಂಧವಿದೆ. ಅದನ್ನು ಮುಂದೆ ಹೇಳುವೆವು.

ಹೆದ್ದಾರಿಯ ಬದಿಯ ಒಂದು ದುರಸ್ತಿಯ ಅಂಗಡಿಯಲ್ಲಿ ತೋರಿಸಿದೆವು. ಅಲ್ಲಿಯ ತರುಣನು ಹನಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿದೆ, ಇಂಜಿನ್ನು ಬಿಚ್ಚಬೇಕು, 18,000 ರೂಪಾಯಿಯಾದರೂ ಬೇಕು ಎಂದನು. ಸೈಲೆನ್ಸರಿನ ತಳದ ತೂತನ್ನು ಬೆಸುಗೆ ಹಾಕಿ ಮುಚ್ಚುವದು ಬೇರೆ. ಬೆಸುಗೆಯನ್ನು ಕೂಡಲೇ ಹಾಕುವೆನೆಂದು ಸಾಮಾನು ತೆಗೆಯಹತ್ತಿದ್ದನು. ನಮ್ಮ ಕೈಯಲ್ಲಿ ಆಗ ಅಷ್ಟು ಹಣವಿರಲಿಲ್ಲವಾದ್ದರಿಂದ, ವಿಚಾರ ಮಾಡಿ ಬರುವೆವೆಂದು ಹೇಳಿ ಪಾರಾದೆವು. ಹಣವಿಲ್ಲದಿರುವದು ಕೆಲವು ಸಲ ಉಪಕಾರವನ್ನೂ ಮಾಡುತ್ತದೆ.

ರಾಣೇಬೆನ್ನೂರಿನಲ್ಲಿ ನಮ್ಮ ಪರಿಚಯದ ಒಬ್ಬ ವೃದ್ಧ ಮಿಸ್ತ್ರಿಯವರಿದ್ದಾರೆ. ನಲವತ್ತು ವರುಷ ಲಾರಿಗಳ ಕೆಳಗೆ ಮಲಗಿ ದುಡಿದವರು. ಅವರು ನಮ್ಮ ಕಥೆಯನ್ನೆಲ್ಲ ಕೇಳಿ, ಬಾನೆಟ್ಟನ್ನು ಎತ್ತಿ, ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು. ಕೂಲಂಟಿನ ಡಬ್ಬಿಯ ಗೆರೆಯನ್ನು ನೋಡಿದರು. ಕೊಳವೆಯ ಬಾಯಿಗೆ ಅಂಗೈಯೊಡ್ಡಿ ಮೂಸಿದರು. ಆಮೇಲೆ ನಕ್ಕರು.

"ಸಾಹೇಬ್ರ, ಪೆಟ್ರೋಲು ಸುಟ್ಟ್ರ ನೀರು ಬರೂದ ಬರ್ತೈತ್ರಿ. ಬರಲಿಲ್ಲಂದ್ರ ಅಂಜಬೇಕು."

ನಾವು ನಂಬಲಿಲ್ಲ. ಬೆಂಕಿಯಿಂದ ನೀರು ಹುಟ್ಟುವದೆಂದರೆ ಪುರಾಣದ ಮಾತಿನಂತೆ ಕೇಳಿಸಿತು. ಮನೆಗೆ ಬಂದು ಹುಡುಗರ ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದು ಲೆಕ್ಕ ಹಾಕಿದೆವು. ಪೆಟ್ರೋಲು ಇಂಗಾಲ ಜಲಜನಕಗಳ ಸಂಯುಕ್ತ. ಅದು ಉರಿದಾಗ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಜಲಜನಕವು ಅದೇ ಆಮ್ಲಜನಕದೊಡನೆ ಸೇರಿ, ತನ್ನ ಹೆಸರಿಗೆ ತಕ್ಕಂತೆ, ಜಲವೇ ಆಗುತ್ತದೆ. ಪೆಟ್ರೋಲಿನ ಒಂದು ಮುಖ್ಯ ಅಂಗವಾದ ಆಕ್ಟೇನನ್ನು ಲೆಕ್ಕಕ್ಕೆ ಹಿಡಿದರೆ, 114 ಗ್ರಾಂ ಆಕ್ಟೇನು ಪೂರ್ತಿ ಉರಿದಾಗ 162 ಗ್ರಾಂ ನೀರು ಹುಟ್ಟುತ್ತದೆ. ಪೆಟ್ರೋಲು ನೀರಿಗಿಂತ ಹಗುರವಾದ್ದರಿಂದ, ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂದು ಲೀಟರು ನೀರು ಎಂದಾಯಿತು. ನಾವು ಮೂರು ಸಲ ಕೂಡಿಸಿ ಕಳೆದು ನೋಡಿದೆವು. ಮಿಸ್ತ್ರಿಯವರ ಮಾತೇ ನಿಜ. ಟಾಕಿಯಲ್ಲಿ ಎಷ್ಟು ಲೀಟರು ತುಂಬಿಸಿದ್ದೆವೋ ಹೆಚ್ಚುಕಡಿಮೆ ಅಷ್ಟೇ ನೀರನ್ನು ನಾವು ಇಷ್ಟು ವರುಷ ಹೆದ್ದಾರಿಯುದ್ದಕ್ಕೂ ಚೆಲ್ಲುತ್ತ ಬಂದಿದ್ದೆವು.

ಹಾಗಾದರೆ ಅದು ದಿನವೂ ಏಕೆ ಕಾಣುವದಿಲ್ಲ? ಕೊಳವೆ ಕಾದಿರುವಾಗ ನೀರು ಕಣ್ಣಿಗೆ ಕಾಣದ ಉಗಿಯಾಗಿ ಹೊರಬಿದ್ದುಹೋಗುತ್ತದೆ. ಚಳಿಯ ಮುಂಜಾವಿನಲ್ಲಿ ತಣ್ಣಗಿರುವ ಉಕ್ಕಿನ ಕೊಳವೆಗೆ ಆ ಉಗಿ ತಗುಲಿತೆಂದರೆ, ಅನ್ನದ ಗುಂಡಿಯ ಮುಚ್ಚಳದ ಒಳಬದಿಗೆ ಹನಿಗಟ್ಟುವಂತೆ ಅಲ್ಲಿಯೂ ಹನಿಗಟ್ಟುತ್ತದೆ. ಸೈಲೆನ್ಸರಿನ ತಳದ ತೂತನ್ನು ತಯಾರಿಸುವವರೇ ಇಟ್ಟಿರುತ್ತಾರೆ. ಡಬ್ಬಿಯೊಳಗೆ ನಿಂತ ನೀರು ಹರಿದುಹೋಗಲೆಂದು. ಅದನ್ನು ಬೆಸುಗೆ ಹಾಕಿ ಮುಚ್ಚಿದ್ದರೆ ನೀರು ಒಳಗೇ ನಿಂತು, ತಿರುವಿನಲ್ಲಿ ಕೊಡ ತುಳುಕಿದಂತೆ ಸದ್ದು ಮಾಡುತ್ತ, ಡಬ್ಬಿಯನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತಿತ್ತು. ಈ ನೀರು ಬಾವಿಯ ನೀರಿನಂಥದಲ್ಲ. ಹೊಗೆಯ ಅಂಶಗಳು ಕರಗಿ ಅದಕ್ಕೆ ಸ್ವಲ್ಪ ಹುಳಿಯ ಗುಣವಿರುತ್ತದೆ; ಕಬ್ಬಿಣವನ್ನು ಬೇಗ ತಿನ್ನುತ್ತದೆ.

ಇಲ್ಲಿಯೇ ಬ್ಯಾಡಗಿಯ ಕಾಯಿಪಲ್ಲೆಯ ಮಾತು ಬರುವದು. ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗಿಬರುವಷ್ಟರಲ್ಲಿ ಗಾಡಿಯ ಮುಂಭಾಗ ಬೆಚ್ಚಗಾದೀತು; ಹಿಂದಿನ ಡಬ್ಬಿಯು ಒಳಗಿನ ನೀರು ಆರುವಷ್ಟು ಕಾಯುವದೇ ಇಲ್ಲ. ದಿನವೂ ಇಂಥ ಮೋಟು ಪ್ರಯಾಣಗಳನ್ನೇ ಮಾಡುವ ಗಾಡಿಯ ಸೈಲೆನ್ಸರು, ದಿನವೂ ಹುಬ್ಬಳ್ಳಿಗೆ ಓಡುವ ಗಾಡಿಯದಕ್ಕಿಂತ ಬೇಗ ಸವೆಯುವದಕ್ಕೆ ಕಾರಣವಿದೇ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ತಾಸು ಸರಾಗವಾಗಿ ಓಡಿಸಿರೆಂದು ಮಿಸ್ತ್ರಿಯವರು ಹೇಳಿದರು. ನಡೆದು ಹೋದರೆ ಇನ್ನೂ ಒಳ್ಳೆಯದೆಂದು ಅವರು ಹೇಳಲಿಲ್ಲ. ಅದು ಅವರ ಉದ್ಯೋಗಕ್ಕೆ ವಿರುದ್ಧ.

ಅಂಜಬೇಕಾದ ನೀರೂ ಉಂಟು. ಇಂಜಿನ್ನು ಪೂರ್ತಿ ಕಾದ ಮೇಲೆಯೂ ಬಿಳಿಯ ಹಬೆ ದಟ್ಟವಾಗಿ ಬರುತ್ತಿದ್ದರೆ, ಅದಕ್ಕೆ ಸಿಹಿಯಾದ ವಾಸನೆ ಇದ್ದರೆ, ಕೂಲಂಟಿನ ಡಬ್ಬಿಯಲ್ಲಿ ಮಟ್ಟವು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಎಣ್ಣೆಯ ಕಡ್ಡಿಗೆ ಮಜ್ಜಿಗೆಯಂಥ ನೊರೆ ಅಂಟಿ ಬಂದರೆ, ಆಗ ಹೆಡ್ಡಿನ ಗ್ಯಾಸ್ಕೆಟ್ಟಿನ ಮಾತನ್ನು ಆಡಬಹುದು. ಹೊಗೆ ನೀಲಿಯಿದ್ದರೆ ಎಣ್ಣೆ ಉರಿಯುತ್ತಿದೆ. ಕರಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ನಮ್ಮ ಗಾಡಿಯಲ್ಲಿ ಇದಾವದೂ ಇರಲಿಲ್ಲ.

18,000 ರೂಪಾಯಿ ಉಳಿದ ಸಂತೋಷದಲ್ಲಿ ನಾವು ಊರಿನಲ್ಲಿ ಕೆಲವು ದಿನ ಪಂಡಿತರಾಗಿ ಮೆರೆದೆವು. ಕಟ್ಟೆಯ ಮೇಲೆ ಕುಳಿತು ಜಲಜನಕದ ವ್ಯಾಖ್ಯಾನ ಮಾಡಿದ್ದೇ ಮಾಡಿದ್ದು. ತಮಗೆ ತಿಳಿದ ಒಂದು ವಿಷಯದಿಂದ ಮನುಷ್ಯರಿಗೆ ಬರುವ ಧೈರ್ಯವು ತಿಳಿಯದ ನೂರು ವಿಷಯಗಳಿಗೂ ಹಬ್ಬುತ್ತದೆ. ನಮಗೂ ಹಾಗೆಯೇ ಆಯಿತು.

ಸಂಕ್ರಮಣದ ಮರುವಾರ ಒಂದು ಹಳ್ಳಿಯ ರಸ್ತೆಯಲ್ಲಿ ರೈತರು ಹುರುಳಿಯನ್ನು ಒಕ್ಕಲು ಹಾಸಿದ್ದರು. ನಮ್ಮ ಕಡೆಯ ರಸ್ತೆಗಳು ಸುಗ್ಗಿಯಲ್ಲಿ ಕಣವೂ ಆಗುವವು. ಈ ಪದ್ಧತಿಯ ಅಪಾಯವನ್ನು ಅಧಿಕಾರಿಗಳು ವರುಷವರುಷವೂ ಹೇಳುತ್ತಾರೆ, ರೈತರು ವರುಷವರುಷವೂ ಹಾಸುತ್ತಾರೆ. ಕಣ ಮಾಡಿಕೊಳ್ಳಲು ಜಾಗವಿಲ್ಲದವನಿಗೆ ಏನು ಹೇಳುವದು? ಗಾಡಿಯು ಅದರ ಮೇಲೆ ಹಾಯ್ದುಹೋಯಿತು. ಒಣ ಬಳ್ಳಿಗಳು ಕೆಳಗಿನ ದಂಡಕ್ಕೆ ಸುತ್ತಿಕೊಂಡಿದ್ದವು. ಅವು ಕಾದ ಕೊಳವೆಗೆ ತಗುಲಿ ಹೊತ್ತಿಕೊಂಡು ಗಾಡಿಗಳು ಸುಟ್ಟ ಉದಾಹರಣೆಗಳಿರುವದರಿಂದ, ಇಳಿದು ಅವನ್ನೆಲ್ಲ ಕಿತ್ತು ತೆಗೆದೆವು. ಆ ಮಟ್ಟಿಗೆ ಜಾಣತನ ತೋರಿಸಿದೆವೆನ್ನಬೇಕು. ಆದರೆ ಮರುದಿನದಿಂದ ಗಾಡಿಯ ಕೆಳಗೆ ತಗಡು ಅದುರಿದಂತೆ ಝಣಝಣ ಸದ್ದು ಹತ್ತಿತು. ಅದರ ಜೊತೆಗೆ, ಮುಂಜಾನೆ ಚಾಲೂ ಮಾಡಿದೊಡನೆ ಮುಂಭಾಗದಲ್ಲಿ ಟಕ್ ಟಕ್ ಎಂದು ಹಲ್ಲಿ ಲೊಚಗುಟ್ಟಿದಂತೆ ಇನ್ನೊಂದು ಸದ್ದು.

ತಾಯಿಯವರು, "ಈಗ ಕೆಮ್ಮೂ ಬಂತು" ಎಂದರು. ನಾವು, ಕೆಮ್ಮು ತಾನಾಗಿ ಹೋಗುವದೆಂದು ಉತ್ತರಕೊಟ್ಟೆವು. ಅದು ಹೋಗುತ್ತಲೂ ಇತ್ತು. ಗಾಡಿ ಒಂದು ಮೈಲಿ ಹೋಗುವಷ್ಟರಲ್ಲಿ ಟಕ್ ಟಕ್ ಸದ್ದು ನಿಂತುಬಿಡುವದು. ನಿಂತ ಸದ್ದಿಗೆ ಯಾರು ಹಣ ಖರ್ಚು ಮಾಡುತ್ತಾರೆ? ಹತ್ತು ಹನ್ನೆರಡು ದಿನಗಳ ಮೇಲೆ ಅದು ನಿಲ್ಲುವದನ್ನು ಬಿಟ್ಟಿತು. ಆ ಹೊತ್ತಿಗೆ ನಮ್ಮ ಕಿವಿಗಳು ಅದಕ್ಕೆ ರೂಢಿಯಾಗಿದ್ದವು.

ಜನವರಿಯ ಕೊನೆಯ ವಾರದಲ್ಲಿ ಬ್ಯಾಡಗಿಯ ಒಬ್ಬ ನೆಂಟರ ಮನೆಗೆ ಹೊರಟೆವು. ಗಾಡಿಯಲ್ಲಿ ನಾವು, ನಮ್ಮ ಮನೆಯವರು, ತಾಯಿಯವರು, ಆರು ವರುಷದ ನಮ್ಮ ಮೊಮ್ಮಗ. ಅಂದು ಮೆಣಸಿನಕಾಯಿಯ ಪೇಟೆಯ ದಿನವೆಂಬದು ನಮ್ಮ ಲಕ್ಷ್ಯದಲ್ಲಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಖಾರ ಕಡಿಮೆಯೆಂಬದು ನಾಲಗೆಯ ಮಾತು. ಸುಗ್ಗಿಯಲ್ಲಿ ಚೀಲಗಳ ರಾಶಿಗಳ ನಡುವೆ ಗಾಳಿಯಲ್ಲಿ ಏಳುವ ಧೂಳಿಗೆ ಮೂಗು ಬೇರೆಯೇ ಸಾಕ್ಷಿ ಹೇಳುತ್ತದೆ. ಲಾರಿ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಮ್ಮ ಗಾಡಿಯು ಸಿಕ್ಕಿಬಿದ್ದಿತು, ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಎಲ್ಲರೂ ಸೀನತೊಡಗಿದ್ದರಿಂದ ನಾಲ್ಕೂ ಗಾಜುಗಳನ್ನು ಏರಿಸಿ, ಒಳಗಿನ ಪಂಖವನ್ನು ಹಚ್ಚಿದೆವು. ಇಂಜಿನ್ನನ್ನು ಆರಿಸಲಿಲ್ಲ, ಈಗ ಸಾಲು ಬಿಟ್ಟೀತು, ಆಗ ಬಿಟ್ಟೀತು ಎಂದು ಅರ್ಧ ತಾಸಿಗೂ ಮಿಕ್ಕಿ ಹಾಗೆಯೇ ಕುಳಿತೆವು.

ಮೊದಲು ತಾಯಿಯವರು "ತಲಿ ಸಿಡೀತೈತಿ" ಎಂದರು. ಮೆಣಸಿನಕಾಯಿಯ ಘಾಟು ಎಂದೆವು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸುತ್ತದೆ ಎಂದರು. ಬೆಳಗ್ಗೆ ಬರಿಯ ಚಹ ಕುಡಿದು ಹೊರಟದ್ದರಿಂದ ಪಿತ್ತವಾಗಿರಬೇಕು ಎಂದೆವು. ನಮ್ಮ ಹಣೆಯೂ ಭಾರವಾಗಿತ್ತು. ಅದನ್ನು ನಾವು ಲಾರಿಗಳ ಹಾರನ್ನಿನ ಲೆಕ್ಕಕ್ಕೆ ಬರೆದೆವು. ಒಂದೊಂದಕ್ಕೆ ಒಂದೊಂದು ಕಾರಣ ನಮ್ಮಲ್ಲಿ ಸಿದ್ಧವಿತ್ತು. ಎಲ್ಲಕ್ಕೂ ಕೂಡಿ ಒಂದೇ ಕಾರಣವನ್ನು ಹುಡುಕಿದವರು ನಮ್ಮ ಮನೆಯವರು.

"ನಾಕೂ ಮಂದಿಗೆ ಒಮ್ಮೆಲೇ ಪಿತ್ತ ಆಗತೈತೇನ್ರಿ? ಹುಡುಗ ನೋಡ್ರಿ, ಎಬ್ಬಿಸಿದ್ರ ಏಳವಲ್ಲ."

ಹುಡುಗನು ಅಜ್ಜಿಯ ತೊಡೆಯ ಮೇಲೆ ಮಲಗಿದ್ದನು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದನು. ಅವರು ನಮ್ಮ ಉತ್ತರಕ್ಕೆ ಕಾಯದೆ ಬಾಗಿಲು ತೆರೆದು, ಅವನನ್ನು ಎತ್ತಿಕೊಂಡು, ಸೀನುತ್ತಲೇ ಆ ಧೂಳಿನಲ್ಲಿ ಇಳಿದರು. ನಾವು ಇಂಜಿನ್ನು ಆರಿಸಿ ತಾಯಿಯವರನ್ನು ಇಳಿಸಿದೆವು. ರಸ್ತೆಯ ಬದಿಯ ಕಟ್ಟೆಯ ಮೇಲೆ ಕೆಲವು ನಿಮಿಷ ಗಾಳಿಗೆ ಕುಳಿತ ಬಳಿಕ ಹುಡುಗನು ವಾಂತಿ ಮಾಡಿ, ಗಟ್ಟಿಯಾಗಿ ಅತ್ತನು. ಅಳುವನ್ನು ಕೇಳಿ ನಾವು ಎಂದೂ ಅಷ್ಟು ಸಂತೋಷಪಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ ಗಾಡಿಯನ್ನು ಕುರಿತದ್ದು: ಗಾಜು ಮುಚ್ಚಿದ್ದಿರೋ? ಇಂಜಿನ್ನು ನಡೆಯುತ್ತಿತ್ತೋ? ಬೆರಳಿಗೆ ಹಾಕುವ ಆಕ್ಸಿಮೀಟರು ಹುಡುಗನಿಗೂ ತಾಯಿಯವರಿಗೂ 98 ತೋರಿಸುತ್ತಿತ್ತು. ನಮಗೆ ಧೈರ್ಯ ಬಂತು, ವೈದ್ಯರಿಗೆ ಬರಲಿಲ್ಲ. 2020ರ ಮಹಾಮಾರಿಯ ಬಳಿಕ ಎಷ್ಟೋ ಮನೆಗಳನ್ನು ಸೇರಿರುವ ಈ ಯಂತ್ರವು ಇಂಥ ಪ್ರಸಂಗದಲ್ಲಿ ಮೋಸ ಮಾಡುವದೆಂಬದನ್ನು ನಾವು ಅಂದೇ ಕಲಿತೆವು. ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ರಕ್ತವೂ ಕೆಂಪಗೇ ಇರುವದರಿಂದ, ಬೆಳಕು ಹಾಯಿಸಿ ನೋಡುವ ಆ ಸಣ್ಣ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ವಿಷ ಹೊತ್ತ ರಕ್ತಕ್ಕೂ ಭೇದ ತಿಳಿಯುವದಿಲ್ಲ. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದೂವರೆ ತಾಸಿನೊಳಗೆ ಆ ವಿಷವು ಅರ್ಧಕ್ಕೆ ಇಳಿಯುತ್ತದೆ. ಬರಿಯ ಗಾಳಿಯಲ್ಲಾದರೆ ಅದಕ್ಕೆ ನಾಲ್ಕೈದು ತಾಸು ಬೇಕು. ಇಬ್ಬರಿಗೂ ಮುಖವಾಡ ಕಟ್ಟಿ ಸಂಜೆಯವರೆಗೆ ಮಲಗಿಸಿದರು. ನಾವು ಮಂಚಗಳ ನಡುವೆ ಕುಳಿತು ನಮ್ಮ ಜಲಜನಕದ ವ್ಯಾಖ್ಯಾನವನ್ನು ನೆನೆಸಿಕೊಂಡೆವು.

ಆ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಅದನ್ನು ಕಂಡುಹಿಡಿಯಲೆಂದು ಕೆನರಿ ಎಂಬ ಸಣ್ಣ ಹಕ್ಕಿಗಳನ್ನು ಪಂಜರದಲ್ಲಿಟ್ಟು ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು. ಅವುಗಳ ಬದಲು ಯಂತ್ರಗಳನ್ನು ತರುವ ನಿರ್ಧಾರವಾದದ್ದು 1986ರಲ್ಲಿ. ನಮ್ಮ ಗಾಡಿಯಲ್ಲಿ ಹಕ್ಕಿಯಿರಲಿಲ್ಲ. ಹುಡುಗನಿದ್ದನು.

ಗಾಡಿಯನ್ನು ಎಳೆಯಿಸಿಕೊಂಡು ರಾಣೇಬೆನ್ನೂರಿಗೆ ಒಯ್ದಾಗ ಮಿಸ್ತ್ರಿಯವರು ಅದು ತಣ್ಣಗಾಗುವ ವರೆಗೂ ಮುಟ್ಟಲಿಲ್ಲ. ತಣಿದ ಇಂಜಿನ್ನನ್ನು ಚಾಲೂ ಮಾಡಿಸಿ, ಕೂಡುಗಳ ಮೇಲೆ ಸಾಬೂನಿನ ನೀರು ಚಿಮುಕಿಸಿದರು. ಹೊಗೆಯು ಇಂಜಿನ್ನಿನಿಂದ ಹೊರಬಿದ್ದು ಕೊಳವೆಯನ್ನು ಸೇರುವ ಮೊದಲ ಕೂಡಿನಲ್ಲಿಯೇ ಬುಗುಬುಗು ಗುಳ್ಳೆಗಳೆದ್ದವು. ಅಲ್ಲಿಯ ಗ್ಯಾಸ್ಕೆಟ್ಟು ಸುಟ್ಟು ಒಂದು ಅಂಚು ಹರಿದಿತ್ತು. ಹಲ್ಲಿಯ ಸದ್ದು ಅದರದೇ. ಲೋಹವು ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತಿದ್ದುದರಿಂದ ಸದ್ದು ನಿಲ್ಲುತ್ತಿತ್ತು. ಹರಕು ದೊಡ್ಡದಾದ ಮೇಲೆ ಹಿಗ್ಗಿದರೂ ಮುಚ್ಚಲಿಲ್ಲ. ಆ ಕೂಡು ಇದ್ದದ್ದಾದರೂ ಎಲ್ಲಿ? ಹೊಗೆಯ ವಿಷವನ್ನು ಕಳೆಯುವ ಕೆಟಲಿಟಿಕ್ ಕನ್ವರ್ಟರಿನ ಮುಂದೆ. ಜೇನುಹಟ್ಟಿಯಂಥ ಕಣ್ಣುಗಳಿಗೆ ಪ್ಲಾಟಿನಂ ಮೊದಲಾದ ಬೆಲೆಬಾಳುವ ಲೋಹಗಳನ್ನು ಲೇಪಿಸಿದ ಆ ಡಬ್ಬಿಯನ್ನು ದಾಟಿದ ಹೊಗೆಯಲ್ಲಿ ಮಾನಾಕ್ಸೈಡಿನ ಬಹುಭಾಗವು ಇಲ್ಲವಾಗಿರುತ್ತದೆ. ನಮ್ಮದು ಅದನ್ನು ದಾಟುವ ಮೊದಲೇ ಬಾನೆಟ್ಟಿನ ಕೆಳಗೆ ತುಂಬಿಕೊಳ್ಳುತ್ತಿತ್ತು. ಒಳಗಿನ ಪಂಖವು ಗಾಳಿಯನ್ನು ಎಳೆದುಕೊಳ್ಳುವ ಬಾಯಿ ಮುಂಗಾಜಿನ ಬುಡದಲ್ಲಿ, ಬಾನೆಟ್ಟಿನ ಅಂಚಿಗೇ ಇರುತ್ತದೆ. ಗಾಡಿ ಓಡುವಾಗ ಹೊರಗಾಳಿ ಬಡಿದು ಎಲ್ಲವೂ ಹಾರಿಹೋಗುತ್ತಿತ್ತು. ನಿಂತಾಗ ನಾವು ಪಂಖ ಹಚ್ಚಿ, ತಾಯಿಯ ಮುಖಕ್ಕೆ ನೇರವಾಗಿ ಊದಿದೆವು.

ಹೊಸ ಗ್ಯಾಸ್ಕೆಟ್ಟಿಗೂ ನಟ್ಟುಗಳಿಗೂ ಕೂಲಿಗೂ ಸೇರಿ 1,150 ರೂಪಾಯಿಯಾಯಿತು. ನಾವು ಹೆಚ್ಚು ಅಂಜಿದ್ದ ಝಣಝಣ ಸದ್ದು ಕಾವಿನ ತಗಡಿನದು. ಹುರುಳಿಯ ಬಳ್ಳಿ ಎಳೆದು ಅದರ ಒಂದು ಮೊಳೆ ಕಳಚಿತ್ತು. ಮಿಸ್ತ್ರಿಯವರು ಅದಕ್ಕೆ ದುಡ್ಡನ್ನೇ ತೆಗೆದುಕೊಳ್ಳಲಿಲ್ಲ. ಚಹ ತರಿಸಿ, ಸದ್ದುಗಳ ಶಾಸ್ತ್ರವನ್ನಷ್ಟು ಹೇಳಿದರು. ಗಾಡಿಯನ್ನು ನಿಲ್ಲಿಸಿದ ಮೇಲೆ ಕೆಳಗೆ ಟಿಣ್ ಟಿಣ್ ಎಂದರೆ ಅದು ಲೋಹ ತಣಿದು ಕುಗ್ಗುವ ಸದ್ದು, ನಿದ್ದೆ ಕೆಡಿಸಿಕೊಳ್ಳಬಾರದು. ಗಾಡಿಯು ಟ್ರ್ಯಾಕ್ಟರಿನಂತೆ ಅಬ್ಬರಿಸತೊಡಗಿದರೆ ಸೈಲೆನ್ಸರು ತೂತಾಗಿದೆ. ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂತಿದ್ದು, ಗಾಡಿಗೆ ಏರು ಹತ್ತುವ ಶಕ್ತಿಯೂ ಕುಂದಿದ್ದರೆ ಕನ್ವರ್ಟರಿನ ಒಳಗಿನ ಹಟ್ಟಿ ಒಡೆದಿದೆ. ಮುಂಭಾಗದಲ್ಲಿ ಟಕ್ ಟಕ್ ಎಂದಿತೋ, ನಿಂತರೂ ನಿಲ್ಲದಿದ್ದರೂ ಅಂದೇ ಬರಬೇಕು, ಗಾಜು ಇಳಿಸಿಕೊಂಡು ಬರಬೇಕು. ಮುಚ್ಚಿದ ಮನೆಯೊಳಗೆ ಗಾಡಿಯನ್ನು ಚಾಲೂ ಇಡುವದಂತೂ ಸರಿಯಿದ್ದ ಗಾಡಿಗೂ ಸಲ್ಲದು.

ನೀರಿನಲ್ಲಿ ಹಾಯುವ ವಿಷಯವನ್ನು ನಾವೇ ಕೇಳಿದೆವು. ಮಳೆಗಾಲದಲ್ಲಿ ಹೆದ್ದಾರಿಯ ಕೆಳದಾರಿಗಳಲ್ಲಿ ನೀರು ನಿಲ್ಲುವದು ನಮಗೆ ಹೊಸತಲ್ಲ. ಇಂಜಿನ್ನು ನಡೆಯುತ್ತಿರುವ ವರೆಗೆ ಹೊಗೆಯ ಒತ್ತಡವೇ ಹಿಂದಿನ ಕೊಳವೆಯ ನೀರನ್ನು ಹೊರದೂಡುತ್ತದೆಯಂತೆ. ಅಪಾಯವಿರುವದು ಮುಂದಿನಿಂದ, ಗಾಳಿ ಎಳೆಯುವ ಬಾಯಿಯಿಂದ ನೀರು ಒಳಹೊಕ್ಕರೆ. ನೀರಿನಲ್ಲಿ ಇಂಜಿನ್ನು ತಾನಾಗಿ ನಿಂತರೆ ಮತ್ತೆ ಚಾಲೂ ಮಾಡದೆ ತಳ್ಳಿಸಿಕೊಂಡು ಬರುವದೇ ಲೇಸು. ಹೊಗೆ ಒತ್ತಿದಂತೆ ನೀರು ಒತ್ತಿಸಿಕೊಳ್ಳುವದಿಲ್ಲ. ಒಳಗಿನ ಉಕ್ಕಿನ ದಂಡಗಳೇ ಬಾಗುತ್ತವೆ.

ಹುಡುಗನು ಮರುದಿನವೇ ಎಂದಿನಂತಾದನು. ತಾಯಿಯವರ ತಲೆನೋವು ಮೂರು ದಿನ ಉಳಿಯಿತು. ಆ ಮೂರು ದಿನವೂ ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಗಾಡಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಚಳಿ ಇನ್ನೂ ಇತ್ತು. ಚಾಲೂ ಮಾಡಿದೊಡನೆ ಕೊಳವೆಯಿಂದ ಹನಿಗಳು ಬೀಳತೊಡಗಿದವು. ಹುಡುಗನು ಅಡಿಗೆಮನೆಯಿಂದ ಹಿತ್ತಾಳೆಯ ಬಟ್ಟಲೊಂದನ್ನು ತಂದು, ಹಿಡಿಯಲೆಂದು ಹೊರಟಾಗ ನಮ್ಮ ಮನೆಯವರು ಅವನ ತೋಳು ಹಿಡಿದು ಹಿಂದಕ್ಕೆಳೆದರು. ತಾಯಿಯವರು ಗಾಡಿಯ ಮುಂದೆ ಬಂದು, ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನಿಂತರು.

"ಅವ್ವಾ, ಹಿಂದ ನೀರು ಸೋರಾಕ ಹತ್ತೇತಿ ಮತ್ತ" ಎಂದೆವು ನಾವು, ನಗಿಸಲೆಂದು.

"ಸೋರ್ಲಿ ಬಿಡು" ಎಂದರು. "ನೀ ಗಾಜು ಇಳಸು."